ಬೆಥೆಸ್ಡಾ ನಾಲ್ಕು ಅಂದ್ರೆ ನಾಲ್ಕನೇ ಸ್ಟೇಜ್ ಅಲ್ಲ

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ತಿಪಟೂರಿನಿಂದ ಅಕ್ಕ ಫೋನ್ ಮಾಡಿದಳು. ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿದ್ದ ಗಂಟಿಗೆ ಸೂಜಿ ಹಾಕಿ ಟೆಸ್ಟ್ ಮಾಡಿಸಿದ್ದಳು, ಅದರ ರಿಪೋರ್ಟ್ ಕೈಗೆ ಬಂದಿತ್ತು. "ಬೆಥೆಸ್ಡಾ ನಾಲ್ಕು ಅಂತ ಬರೆದಿದಾರೆ ಕಣೋ. ನಾಲ್ಕು ಅಂದ್ರೆ ಕೊನೇ ಸ್ಟೇಜ್ ಅಲ್ವಾ? ನಿಮ್ಮ ಭಾವನಿಗೆ ಇನ್ನೂ ಹೇಳಿಲ್ಲ."

ಲ್ಯಾಬಿನವರು ಕವರ್ ಕೊಟ್ಟು ಕಳಿಸಿದ್ದರು, ಅಷ್ಟೇ. ಡಾಕ್ಟರ್ ಸಿಗುವುದು ಮಂಗಳವಾರ. ಇಡೀ ರಾತ್ರಿ ಆ ಒಂದು ಸಂಖ್ಯೆ ಹಿಡಿದುಕೊಂಡು ಕೂತಿದ್ದಾಳೆ ಪಾಪ.

ನಾನು ಡಾಕ್ಟರ್ ಅಲ್ಲ. ಬೆಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ ಕೆಲಸ. ಅಮೆರಿಕದ ಆಸ್ಪತ್ರೆಗಳ ದಾಖಲೆ ಓದಿ, ಇನ್ಶೂರೆನ್ಸ್ ಬಿಲ್ಲಿಗಾಗಿ ಪ್ರತಿ ಕಾಯಿಲೆಗೂ ಒಂದು ಕೋಡ್ ಹಾಕುವುದು. ಹಾಗಾಗಿ ಆ ಪದ ನನಗೆ ಹೊಸದಲ್ಲ. ಬೆಥೆಸ್ಡಾ ಅಮೆರಿಕದ ಒಂದು ಊರಿನ ಹೆಸರು. 2007ರಲ್ಲಿ ಅಲ್ಲಿ ತಜ್ಞರು ಸೇರಿ, ಥೈರಾಯ್ಡ್ ಸೂಜಿ ಪರೀಕ್ಷೆಯ ರಿಪೋರ್ಟನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುವುದು ಬೇಡ ಅಂತ ಆರು ಗುಂಪು ಮಾಡಿದರು. ಎರಡು ಅಂದರೆ ನಿರಪಾಯ, ಆರು ಅಂದರೆ ಕ್ಯಾನ್ಸರ್. ನಾಲ್ಕು ಅಂದರೆ ಫಾಲಿಕ್ಯುಲರ್ (ಥೈರಾಯ್ಡಿನ ಹಾರ್ಮೋನ್ ತಯಾರಿಸುವ ಕೋಶಗಳ) ಗಡ್ಡೆ, ಕ್ಯಾನ್ಸರ್ ಆಗಿರಬಹುದು, ಆಗಿರದೆಯೂ ಇರಬಹುದು. ನೂರು ಜನರಿಗೆ ಹೀಗೆ ಬಂದರೆ ಆಪರೇಷನ್ ಆದ ಮೇಲೆ ಸುಮಾರು 30 ಜನರಲ್ಲಿ ಮಾತ್ರ ಕ್ಯಾನ್ಸರ್ ಸಿಗುತ್ತದೆ. ಸ್ಟೇಜಿಗೂ ಇದಕ್ಕೂ ಸಂಬಂಧವೇ ಇಲ್ಲ.

"ಸೂಜಿ ಹಾಕಿ ತೆಗೆದು ನೋಡಿದಾರಲ್ಲ, ಮತ್ತೆ ಯಾಕೆ ಹೇಳೋಕಾಗಲ್ಲ?" ಅಂದಳು. ಸರಿಯಾದ ಪ್ರಶ್ನೆ. ಈ ಜಾತಿಯ ಗಡ್ಡೆಯಲ್ಲಿ ಒಳ್ಳೆಯದರ ಜೀವಕೋಶವೂ ಕೆಟ್ಟದರ ಜೀವಕೋಶವೂ ಒಂದೇ ಥರ ಕಾಣುತ್ತವೆ. ಗಡ್ಡೆಯ ಸುತ್ತ ತೆಳ್ಳಗೆ ಒಂದು ಪೊರೆ ಇರುತ್ತದೆ, ಅದನ್ನು ದಾಟಿ ಹೊರಗೆ ಹೋಗಿದೆಯಾ, ರಕ್ತನಾಳದೊಳಗೆ ನುಗ್ಗಿದೆಯಾ ಅನ್ನುವುದರ ಮೇಲೆ ತೀರ್ಮಾನ. ಸೂಜಿಯಲ್ಲಿ ಬರುವುದು ಬಿಡಿ ಬಿಡಿ ಕೋಶಗಳು, ಪೊರೆ ಬರುವುದಿಲ್ಲ. ಅಕ್ಕನ ಮನೆಯಲ್ಲಿ ಎರಡು ಹಸು ಇವೆ, ಅದಕ್ಕೇ ಹೀಗೆ ಹೇಳಿದೆ: ಹಸುವಿನ ನಾಲ್ಕು ಕೂದಲು ತಂದು ಕೊಟ್ಟು, ಇದು ನಿನ್ನೆ ಬೇಲಿ ಹಾರಿತ್ತಾ ಹೇಳು ಅಂದ್ರೆ ಹೇಳ್ತೀಯಾ? ಬೇಲಿ ನೋಡಬೇಕು. ಬೇಲಿ ನೋಡಬೇಕು ಅಂದ್ರೆ ಗಂಟನ್ನು ಪೂರ್ತಿ ತೆಗೆಯಬೇಕು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಆಪರೇಷನ್ನೇ ಟೆಸ್ಟು" ಅಂದಳು. ನಾನು ಅರ್ಧ ಗಂಟೆ ಹೇಳಿದ್ದನ್ನು ಮೂರು ಪದದಲ್ಲಿ ಮುಗಿಸಿದಳು.

ಥೈರಾಯ್ಡಿನ ಬಲಭಾಗ ತೆಗೆದರು. ಎರಡು ವಾರದ ಮೇಲೆ ಬಂದ ರಿಪೋರ್ಟ್ ಇನ್ನೂ ವಿಚಿತ್ರ. ಪೊರೆ ದಾಟಿದೆ ಅಂತ ಖಚಿತವಾಗಿ ಹೇಳಲಾಗದು, ದಾಟಿಲ್ಲ ಅಂತಲೂ ಹೇಳಲಾಗದು, ರಕ್ತನಾಳಕ್ಕೆ ನುಗ್ಗಿಲ್ಲ. ಹೆಸರು: 'ಅನ್‌ಸರ್ಟನ್ ಮ್ಯಾಲಿಗ್ನೆಂಟ್ ಪೊಟೆನ್ಷಿಯಲ್' ಇರುವ ಗಡ್ಡೆ, ಅಂದರೆ ಕ್ಯಾನ್ಸರ್ ಥರ ವರ್ತಿಸುತ್ತದೋ ಇಲ್ಲವೋ ಖಚಿತವಿಲ್ಲದ್ದು. ಗಡ್ಡೆಗಳನ್ನು ವಿಂಗಡಿಸುವ ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕಕ್ಕೆ ಈ ಹೆಸರು ಸೇರಿದ್ದು 2017ರಲ್ಲಿ. ನಮ್ಮ ಆಫೀಸಿನ ಭಾಷೆಯಲ್ಲಿ ಡಿ44.0. ಆ ಕೋಡನ್ನು ನಾನು ಎಷ್ಟು ಸಲ ಹಾಕಿದ್ದೇನೋ ಲೆಕ್ಕವಿಲ್ಲ.

ಈ ಕೋಡಿನ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಗೊಂದಲ ಆಗುವುದೇ ಇಲ್ಲಿ. ಕೆಲಸಕ್ಕೆ ಸೇರಿದಾಗ ನಮಗೆ ಕಲಿಸಿದವರು ಒಂದು ಮಾತನ್ನು ತಲೆಗೆ ಹತ್ತುವವರೆಗೂ ಹೇಳುತ್ತಿದ್ದರು. ಅನ್‌ಸರ್ಟನ್ ಬೇರೆ, ಅನ್‌ಸ್ಪೆಸಿಫೈಡ್ ಬೇರೆ. ಮೊದಲನೆಯದು ಪೆಥಾಲಜಿಸ್ಟ್ ಗಡ್ಡೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ನೋಡಿದ ಮೇಲೂ ಈ ಕಡೆ ಆ ಕಡೆ ಅಂತ ಹೇಳಲಾಗದೆ ಇದ್ದಾಗ. ಎರಡನೆಯದು, ಅಂದರೆ ಡಿ49, ಡಾಕ್ಟರ್ ಸುಮ್ನೆ ಗಡ್ಡೆ ಅಂತ ಬರೆದಿದ್ದಾರೆ, ಎಂಥದ್ದು ಅಂತ ದಾಖಲೆಯಲ್ಲಿ ಇಲ್ಲ ಅಂದಾಗ. ಹೊಸಬರು ಇವೆರಡನ್ನು ಅದಲುಬದಲು ಮಾಡಿ ಆಡಿಟ್‌ನಲ್ಲಿ ಬೈಸಿಕೊಳ್ಳುತ್ತಾರೆ, ನಾನೂ ಬೈಸಿಕೊಂಡಿದ್ದೇನೆ. ಆದರೆ ಅವರದ್ದೇ ತಪ್ಪು ಅನ್ನುವಂತಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಕೋಡ್ ಪಟ್ಟಿಯಲ್ಲಿ ಇವೆರಡೂ ಒಂದೇ ಗುಂಪಿನಲ್ಲಿದ್ದವು, ಬೇರೆ ಮಾಡಿದ್ದು ಅಮೆರಿಕದವರು. ಅಮೆರಿಕದಲ್ಲಿ 2015ರ ಸೆಪ್ಟೆಂಬರ್ ತನಕ ಇದ್ದ ಹಳೆ ಪಟ್ಟಿಯಲ್ಲಂತೂ ಹಾರ್ಮೋನ್ ಗ್ರಂಥಿ, ಮಿದುಳು, ಬೆನ್ನುಹುರಿ ಎಲ್ಲದರ ಇಂಥ ಗಡ್ಡೆಗಳಿಗೆ 237 ಅನ್ನುವ ಒಂದೇ ಮನೆ. ಈಗ ಮಿದುಳಿನ ಪೊರೆಗೆ ಡಿ42, ಮಿದುಳು ಮತ್ತು ಬೆನ್ನುಹುರಿಗೆ ಡಿ43, ಗ್ರಂಥಿಗಳಿಗೆ ಡಿ44.

ಹಾರ್ಮೋನ್ ಗ್ರಂಥಿಗಳಲ್ಲೇ ಈ ತಾಪತ್ರಯ ಜಾಸ್ತಿ. ಬೇರೆ ಎಷ್ಟೋ ಕಡೆ ಕೋಶದ ಮುಖ ನೋಡಿ ಇದು ಕೆಟ್ಟದ್ದು ಅನ್ನಬಹುದು. ಇಲ್ಲಿ ನಿರಪಾಯ ಗಡ್ಡೆಯ ಕೋಶಗಳೇ ಕೆಲವು ಸಲ ಭಯಂಕರವಾಗಿ ಕಾಣುತ್ತವೆ, ಹರಡುವ ಗಡ್ಡೆ ತಣ್ಣಗೆ ಕೂತಿರುತ್ತದೆ. ಕಿಡ್ನಿಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೊಮೊಸೈಟೋಮ ಅಂತ ಒಂದು ಬರುತ್ತದೆ. ಇದ್ದಕ್ಕಿದ್ದಂತೆ ತಲೆನೋವು, ಬೆವರು, ಎದೆ ಢವಢವ, ಬಿಪಿ ಮೇಲಕ್ಕೆ. ಅದು ಹರಡುತ್ತದೋ ಇಲ್ಲವೋ ಅಂತ ಮೈಕ್ರೋಸ್ಕೋಪ್ ಖಚಿತವಾಗಿ ಹೇಳುವುದಿಲ್ಲ. ಮೂಳೆಯಲ್ಲೋ ಲಿಂಫ್ ಗಂಟಿನಲ್ಲೋ, ಅಂದರೆ ಆ ಕೋಶ ಇರಬಾರದ ಜಾಗದಲ್ಲಿ ಕಾಣಿಸಿದರೆ ಮಾತ್ರ ಖಾತ್ರಿ, ಅದೂ ಎಷ್ಟೋ ವರ್ಷ ಬಿಟ್ಟು ಆಗಬಹುದು. ಅದಕ್ಕೇ 2017ರಿಂದ ಅದಕ್ಕೆ ನಿರಪಾಯ ಅನ್ನುವ ಹಣೆಪಟ್ಟಿಯನ್ನೇ ತೆಗೆದುಹಾಕಿದರು. ಎಲ್ಲವೂ ಹರಡುವ ಸಾಧ್ಯತೆ ಇರುವವೇ, ಕೆಲವು ಜಾಸ್ತಿ, ಕೆಲವು ಕಡಿಮೆ ಅಂತ.

ಮಿದುಳಿನ ಕಥೆ ಬೇರೆ, ಅಲ್ಲಿ ಗಡ್ಡೆ ಎಂಥದ್ದು ಅನ್ನುವುದರ ಜೊತೆಗೆ ಎಲ್ಲಿದೆ ಅನ್ನುವುದೂ ಅಷ್ಟೇ ಮುಖ್ಯ. ತಲೆಬುರುಡೆಯಲ್ಲಿ ಖಾಲಿ ಜಾಗ ಇಲ್ಲವಲ್ಲ.

ಫಿಯೋಕ್ರೊಮೊಸೈಟೋಮಕ್ಕೆ ನಿರಪಾಯ ಅನ್ನುವ ಪಟ್ಟಿ ಹೋದ ಹಾಗೆ, ಉಲ್ಟಾ ಕೂಡ ಆಗಿದೆ. ಥೈರಾಯ್ಡಿನ ಒಂದು ಬಗೆಯ ಗಡ್ಡೆಯನ್ನು, ಪೊರೆಯೊಳಗೇ ಇದ್ದರೂ, ತುಂಬಾ ವರ್ಷ ಕ್ಯಾನ್ಸರ್ ಅಂತಲೇ ಕರೆಯುತ್ತಿದ್ದರು. ಪೂರ್ತಿ ಗ್ರಂಥಿ ತೆಗೆದು, ರೇಡಿಯೋ ಅಯೋಡಿನ್ (ವಿಕಿರಣ ಸೂಸುವ ಅಯೋಡಿನ್) ಕೊಟ್ಟು, ಜೀವನವಿಡೀ ಮಾತ್ರೆ. ಆಮೇಲೆ ಏಳು ದೇಶಗಳ 24 ಪೆಥಾಲಜಿಸ್ಟ್‌ಗಳು ಕೂತು ಅಂಥ 109 ಜನರ ಹಳೆ ಸ್ಲೈಡ್ ಮತ್ತೆ ನೋಡಿದರು. 10ರಿಂದ 26 ವರ್ಷ ಕಳೆದಿದ್ದರೂ ಒಬ್ಬರಲ್ಲೂ ಕಾಯಿಲೆ ಇರಲಿಲ್ಲ. 2016ರಲ್ಲಿ ಅದರ ಹೆಸರಿನಿಂದ ಕ್ಯಾನ್ಸರ್ ಅನ್ನುವ ಪದವನ್ನೇ ಕಿತ್ತುಹಾಕಿದರು. ಒಂದು ಹೆಸರಿಗೆ ಹೆದರಿ ಎಷ್ಟು ಜನ ಎಷ್ಟು ವರ್ಷ ನಿದ್ದೆಗೆಟ್ಟಿದ್ದರೋ.

ಅಕ್ಕನ ಸರ್ಜನ್ ಇದನ್ನೆಲ್ಲ ಹೇಳಲಿಲ್ಲ, ಹೇಳುವಷ್ಟು ಪುರುಸೊತ್ತೂ ಅವರಿಗಿರಲಿಲ್ಲ. ಹೇಳಿದ್ದು ಇಷ್ಟು: ಇದು ಹರಡುವ ಸಾಧ್ಯತೆ ತುಂಬಾ ಕಡಿಮೆ, ಉಳಿದ ಭಾಗ ತೆಗೆಯುವ ಅಗತ್ಯ ಕಾಣುತ್ತಿಲ್ಲ, ಆದರೆ ಸ್ಕ್ಯಾನ್ ಮಾಡಿಸುತ್ತಾ ಇರಿ, ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತಪರೀಕ್ಷೆ ನೋಡಿಸುತ್ತಾ ಇರಿ. ಅಕ್ಕ ಕೇಳಿದಳು, "ಕ್ಯಾನ್ಸರ್ರಾ ಅಲ್ವಾ, ಒಂದೇ ಮಾತಲ್ಲಿ ಹೇಳಿ ಸಾರ್." ಅವರು ಕನ್ನಡಕ ತೆಗೆದು, "ಒಂದೇ ಮಾತಲ್ಲಿ ಹೇಳಿದರೆ ಸುಳ್ಳು ಹೇಳಿದ ಹಾಗಾಗುತ್ತಮ್ಮ" ಅಂದರು. ನನಗೆ ಅವರ ಮೇಲೆ ಗೌರವ ಬಂತು. ಅಕ್ಕನಿಗೆ ಸಿಟ್ಟು ಬಂತು. ದಾರಿಯುದ್ದಕ್ಕೂ ಬೈದುಕೊಂಡೇ ಬಂದಳು, ಇಷ್ಟು ದುಡ್ಡು ಕೊಟ್ಟು ಕುಯ್ಸಿಕೊಂಡು ಕೊನೆಗೂ ಗೊತ್ತಿಲ್ಲ ಅಂತಾರಲ್ಲ ಅಂತ. ನಾನು ಗೊತ್ತಿಲ್ಲ ಅನ್ನೋದಲ್ಲ ಅದು ಅಂತ ಡಿ49 ಕಥೆ ಶುರು ಮಾಡಿದೆ, "ನಿನ್ನ ಆಫೀಸ್ ನಿನ್ನ ಹತ್ರ ಇಟ್ಕೋ" ಅಂದಳು.

ಊರಲ್ಲಿ ಕೇಳಿದವರಿಗೆಲ್ಲ ಏನು ಹೇಳುವುದು ಅನ್ನುವುದು ಅವಳಿಗೆ ಕಾಯಿಲೆಗಿಂತ ದೊಡ್ಡ ತಲೆನೋವಾಯ್ತು. ಅನಿಶ್ಚಿತ ಅಂದರೆ ಮುಚ್ಚಿಡುತ್ತಿದ್ದಾಳೆ ಅನ್ನುತ್ತಾರೆ. ಏನಿಲ್ಲ ಅಂದರೆ ಮತ್ಯಾಕೆ ಆರಾರು ತಿಂಗಳಿಗೆ ಬೆಂಗಳೂರಿಗೆ ಹೋಗ್ತೀಯಾ ಅನ್ನುತ್ತಾರೆ. ಕೊನೆಗೆ ಭಾವನೇ ದಾರಿ ಹುಡುಕಿದರು. "ಗಂಟು ಇತ್ತು, ತೆಗೆಸಿದ್ವಿ, ಬೇಲಿ ಕಾಯ್ತಾ ಇದೀವಿ" ಅಂತಾರೆ. ಕೇಳಿದವರಿಗೆ ಏನೂ ಅರ್ಥ ಆಗುವುದಿಲ್ಲ, ಮುಂದೆ ಕೇಳುವುದೂ ಇಲ್ಲ.

ಎರಡು ಸ್ಕ್ಯಾನ್ ಆಗಿದೆ, ಎರಡರಲ್ಲೂ ಏನಿಲ್ಲ. ಮುಂದಿನದು ಮಾರ್ಚ್‌ನಲ್ಲಿ. ಹೊಸ ವರ್ಷದ ಕ್ಯಾಲೆಂಡರ್ ಇನ್ನೂ ಬಂದಿಲ್ಲ ಅಂತ ಈ ವರ್ಷದ ಡಿಸೆಂಬರ್ ಹಾಳೆಯ ಅಂಚಿನಲ್ಲಿ, ಡೈರಿಗೆ ಹಾಕಿದ ಹಾಲಿನ ಲೆಕ್ಕದ ಕೆಳಗೆ ಬರೆದಿಟ್ಟಿದ್ದಾಳೆ.