ಗಂಟೆಯ ಸದ್ದು ಆರುವ ತನಕ

ಸ್ವಿಟ್ಜರ್‌ಲೆಂಡಿನ ಲೊಸಾನ್‌ಗೆ ಬಂದು ಮೂರು ವರ್ಷವಾಯಿತು. ಇಲ್ಲಿನ ಫ್ರೆಂಚ್ ಈಗಲೂ ನನ್ನ ಕಿವಿಗೆ ಒಂದು ಕ್ಷಣ ತಡವಾಗಿಯೇ ತಲುಪುತ್ತದೆ. ಹೋದ ಶನಿವಾರ ಮಾತ್ರ ಆ ಚಿಂತೆ ಇರಲಿಲ್ಲ. ಸಹೋದ್ಯೋಗಿಯೊಬ್ಬರ ಕೋರಸ್ ತಂಡ ಹಾಡಿದ್ದು ರಷ್ಯನ್ ಭಾಷೆಯಲ್ಲಿ. ಅಕ್ಕಪಕ್ಕ ಕೂತವರಿಗೂ ಅದು ಬರುತ್ತಿರಲಿಲ್ಲ. ಎಲ್ಲರೂ ಸದ್ದನ್ನೇ ನಂಬಿ ಕೂತಿದ್ದೆವು.

ಕೃತಿ ರಷ್ಯಾದ ಸಂಗೀತ ರಚನಕಾರ ಇಗೊರ್ ಸ್ಟ್ರಾವಿನ್ಸ್ಕಿಯ 'ಲೇ ನೋಸ್'. ರಷ್ಯಾದ ಹಳ್ಳಿ ಮದುವೆಯೇ ಅದರ ವಸ್ತು. ಇಲ್ಲಿಂದ ರೈಲಿನಲ್ಲಿ ಸ್ವಲ್ಪವೇ ದೂರದ ಮೋರ್ಜ್ ಊರಿನಲ್ಲಿ ಆತ 1915ರಿಂದ 1920ರವರೆಗೆ ಇದ್ದ. ದಿನಾ ನೋಡುವ ಈ ಸರೋವರದ ದಡದಲ್ಲೇ ಕೃತಿಯ ಬಹುಪಾಲು ಹುಟ್ಟಿದ್ದು ಎಂದು ತಿಳಿದಾಗ ಮೈ ಜುಮ್ಮೆಂದಿತು. ತನ್ನ ನಾಡಿನಿಂದ ದೂರ ಕೂತು, ಅಲ್ಲಿನ ಹಳೇ ಜನಪದ ಹಾಡುಗಳ ಸಾಲುಗಳನ್ನು ಎತ್ತಿಕೊಂಡು ಬರೆದಿದ್ದಾನೆ.

ವೇದಿಕೆ ಮೇಲೆ ಪಿಟೀಲು, ಕೊಳಲು ಒಂದೂ ಇಲ್ಲ. ನಾಲ್ಕು ದೊಡ್ಡ ಪಿಯಾನೊ, ಸುತ್ತ ಡ್ರಮ್ಮುಗಳು, ಮರದ ಪಟ್ಟಿಗಳನ್ನು ಬಡಿದು ನುಡಿಸುವ ಝೈಲೊಫೋನ್, ತಾಳ, ಒಂದು ಗಂಟೆ. ಈ ಜೋಡಣೆ ಹೊಳೆಯಲು ಆತನಿಗೆ ವರ್ಷಗಳೇ ಹಿಡಿದವು. ಮೊದಲು ದೊಡ್ಡ ವಾದ್ಯವೃಂದ ಅಂದುಕೊಂಡ. ಆಮೇಲೆ ತಾನಾಗಿ ನುಡಿಯುವ ಯಂತ್ರದ ಪಿಯಾನೊ ಸೇರಿಸಿ ನೋಡಿದ. ಅದರ ಜೊತೆ ಮನುಷ್ಯರು ಹೆಜ್ಜೆ ಹೊಂದಿಸುವುದು ಕಷ್ಟವಾಯಿತು. ಕೊನೆಗೆ ನಾಲ್ಕು ಪಿಯಾನೊಗಳಿಗೆ ಬಂದು ನಿಂತ. 1923ರ ಜೂನ್ 13ರಂದು ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನವಾಯಿತು.

ನನ್ನ ಸೀಟು ಪಕ್ಕದ ಬಾಲ್ಕನಿಯಲ್ಲಿ, ಪಿಯಾನೊಗಳ ನೇರ ಮೇಲೆ. ಮುಚ್ಚಳ ತೆಗೆದಿಟ್ಟಿದ್ದರಿಂದ ಒಳಗಿನ ಸುತ್ತಿಗೆಗಳು ಎದ್ದು ತಂತಿಗೆ ಬಡಿಯುವುದು ಕಾಣುತ್ತಿತ್ತು. ಪಿಯಾನೊ ಕೂಡ ಬಡಿಯುವ ವಾದ್ಯವೇ ಅಂತ ಆಗ ಮನಸ್ಸಿಗೆ ಇಳಿಯಿತು. ಬಡಿದ ಸದ್ದು ಹುಟ್ಟಿದ ಕೂಡಲೇ ಕರಗತೊಡಗುತ್ತದೆ. ಎಳೆದು ಹಿಡಿಯುವುದು ಮನುಷ್ಯರ ಉಸಿರು ಮಾತ್ರ. ಅದಕ್ಕೇ ಅಲ್ವಾ, ವಧುವಿನ ಜಡೆ ಹೆಣೆಯುವ ಮೊದಲ ಭಾಗದಲ್ಲಿ ಆ ಹೆಣ್ಣು ದನಿ ಅಷ್ಟು ಒಂಟಿ ಅನ್ನಿಸುವುದು! ಲಯದ ಲೆಕ್ಕ ಘಳಿಗೆಗೊಮ್ಮೆ ಬದಲಾಗುತ್ತದೆ. ಹಾಡುವವರ ಕಣ್ಣು ನಿರ್ದೇಶಕಿಯ ಕೈಯಿಂದ ಕದಲುತ್ತಿರಲಿಲ್ಲ. ಒಮ್ಮೆ ಟಿಂಪಾನಿ ಎಂಬ ದೊಡ್ಡ ಡ್ರಮ್ಮುಗಳನ್ನು ನುಡಿಸುವವರು ಬಗ್ಗಿ, ಚರ್ಮಕ್ಕೆ ಕಿವಿ ಹತ್ತಿರ ಹಿಡಿದು, ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ ಶ್ರುತಿ ನೋಡಿಕೊಂಡರು. ಸುತ್ತ ಅಷ್ಟು ಗದ್ದಲವಿದ್ದರೂ ಅವರಿಗೆ ಅದು ಕೇಳಿಸುತ್ತಿತ್ತು.

ಇನ್ನೊಂದು ನನಗೆ ತುಂಬಾ ಹಿಡಿಸಿತು. ಇಲ್ಲಿ ಒಬ್ಬ ಗಾಯಕನಿಗೆ ಒಂದೇ ಪಾತ್ರ ಅಂತ ಇಲ್ಲ. ಯಾರ ಮಾತು ಯಾರ ಬಾಯಿಂದ ಬೇಕಾದರೂ ಬರುತ್ತದೆ. ಮದುವೆ ಇಬ್ಬರದಲ್ಲ, ಇಡೀ ಊರಿನದು ಅನ್ನಿಸುತ್ತದೆ. ಮೂರನೇ ಭಾಗದ ಕೊನೆಗೆ ಎಲ್ಲರೂ ಹೊರಟ ಮೇಲೆ ಇಬ್ಬರು ತಾಯಂದಿರು ಮಾತ್ರ ಉಳಿದು ಅಳುತ್ತಾರೆ. ಒಂದು ಪದವೂ ಗೊತ್ತಿಲ್ಲದೆ ನನ್ನ ಕಣ್ಣು ತುಂಬಿತು.

ಸುಮಾರು 25 ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಕೊನೆಯಲ್ಲಿ ದನಿಗಳು ನಿಂತು, ಪಿಯಾನೊ, ಪುಟ್ಟ ತಾಳ, ಗಂಟೆ ಒಟ್ಟಿಗೆ ಒಮ್ಮೆ ಮೊಳಗಿದವು. ಮೌನ. ಮತ್ತೆ ಮೊಳಗಿದವು. ಮತ್ತೆ ಮೌನ. ಕೊನೆಯ ಬಡಿತದ ನಂತರ ಗಂಟೆಯ ಹುಡುಗಿ ಕೋಲನ್ನು ಎತ್ತಿ ಹಿಡಿದೇ ನಿಂತಿದ್ದಳು. ಸದ್ದು ಪೂರ್ತಿ ಆರುವ ತನಕ ಯಾರೂ ಚಪ್ಪಾಳೆ ತಟ್ಟಲಿಲ್ಲ.