ಮೂಗೆತ್ತಿದ ಸೈಕಲ್

ದಾವಣಗೆರೆಯಲ್ಲಿ ನಮ್ಮದೊಂದು ಗ್ಯಾಸ್ ವೆಲ್ಡಿಂಗ್ ಅಂಗಡಿ ಇದೆ. ಅಪ್ಪನ ಕಾಲದಲ್ಲಿ ಗೇಟು, ಕಿಟಕಿ ಸರಳು, ಮುರಿದ ಫೋರ್ಕುಗಳ (ಸೈಕಲ್ಲಿನ ಮುಂದಿನ ಚಕ್ರ ಹಿಡಿಯುವ ಕವಲುಗಳ) ಕೆಲಸ ಬರುತ್ತಿತ್ತು. ಈಗಲೂ ಮನೆ ನಡೆಸುವುದು ಗೇಟುಗಳೇ. ಅವುಗಳ ನಡುವೆ ಬಿಡುವು ಮಾಡಿಕೊಂಡು ಕೆಲವು ವರ್ಷಗಳಿಂದ ಉಕ್ಕಿನ ಸೈಕಲ್ ಫ್ರೇಮುಗಳನ್ನು ಕೈಯಿಂದ ಕಟ್ಟುತ್ತಿದ್ದೇನೆ. ವರ್ಷಕ್ಕೆ ಏಳೆಂಟು ಆದರೆ ಹೆಚ್ಚು.

ಗೇಟು ಮಾಡಿಸಿದವರು ಅದು ಮುಚ್ಚುತ್ತದೆಯೇ ಎಂದು ನೋಡಿ ದುಡ್ಡು ಕೊಟ್ಟು ಹೋಗುತ್ತಾರೆ. ಸೈಕಲ್ ಮಾಡಿಸಿದವರು ಹಾಗಲ್ಲ. ಅವರು ಸ್ನೇಹಿತರನ್ನು ಕರೆತರುತ್ತಾರೆ. ಭಾನುವಾರ ಬೆಳಿಗ್ಗೆ ಚಿತ್ರದುರ್ಗದ ಕಡೆಗೆ ಹೆದ್ದಾರಿಯಲ್ಲಿ ಒಂದಷ್ಟು ದೂರ ತುಳಿದು, ಮರಳಿ ಬಂದು ಬೆಣ್ಣೆ ದೋಸೆ ತಿಂದು, ಆ ಕೈಯಲ್ಲೇ ನನ್ನ ಫ್ರೇಮು ಸವರುವ ಏಳೆಂಟು ಜನರ ಗುಂಪೊಂದಿದೆ. ಅದರಲ್ಲೊಬ್ಬರು ಮಕ್ಕಳ ವೈದ್ಯರು. ಅವರ ಪ್ರಕಾರ ಪೈಪುಗಳು ಸೇರುವಲ್ಲಿ ಚೂಪು ತುದಿಯ ಲಗ್ ಇಲ್ಲದಿದ್ದರೆ ಅದು ಸೈಕಲ್ಲೇ ಅಲ್ಲ. ಲಗ್ ಎಂದರೆ ಎರಡು ಪೈಪುಗಳ ತುದಿಗಳನ್ನು ಒಳಗೆ ಹಿಡಿಯುವ ಲೋಹದ ಕವಚ. ಅದರೊಳಗೆ ಹಿತ್ತಾಳೆಯನ್ನೋ ಬೆಳ್ಳಿ ಬೆಸುಗೆಯನ್ನೋ ಕರಗಿಸಿ ಹರಿಸುತ್ತೇವೆ. ಇಂಜಿನಿಯರಿಂಗ್ ಓದುವ ಹುಡುಗನೊಬ್ಬನಿಗೆ ಲಗ್ ಎಂದರೆ ತಾತನ ಕೋಟು. ಪೈಪಿನಿಂದ ಪೈಪಿಗೆ ಬೆಸುಗೆ ನೀರಿನಂತೆ ಇಳಿದು ಹೋಗಿರಬೇಕು, ಗಂಟು ಕಾಣಬಾರದು ಎನ್ನುತ್ತಾನೆ. ಮೇಲಿನ ಪೈಪು ನೆಲಕ್ಕೆ ಸಮನಾಗಿ ಮಲಗಿರಬೇಕೋ ಹಿಂದಕ್ಕೆ ಇಳಿಯಬೇಕೋ ಎಂಬ ಜಗಳವಂತೂ ಮುಗಿಯುವುದೇ ಇಲ್ಲ. ಇಳಿಜಾರಿನ ಪೈಪನ್ನು ರೇಸಿಂಗ್ ಸೈಕಲ್ಲುಗಳಲ್ಲಿ ಹಬ್ಬಿಸಿದ್ದು 1990ರ ದಶಕದ ಕೊನೆಯಲ್ಲಿ ತೈವಾನಿನ ಜೈಂಟ್ ಕಂಪನಿ. ಕೆಲವೇ ಅಳತೆಗಳಲ್ಲಿ ಎಲ್ಲ ಎತ್ತರದವರಿಗೂ ಸೈಕಲ್ ಹೊಂದಿಸಬಹುದೆಂಬ ಲೆಕ್ಕ ಅದರ ಹಿಂದಿತ್ತು. ಅದಕ್ಕೇ ವೈದ್ಯರು ಅದನ್ನು ಗೋದಾಮಿನವರ ಸೌಂದರ್ಯ ಎಂದು ಹಂಗಿಸುತ್ತಾರೆ.

ಮೊದಮೊದಲು ನನಗೆ ಇವೆಲ್ಲ ಹೊಟ್ಟೆ ತುಂಬಿದವರ ಮಾತು ಅನಿಸುತ್ತಿತ್ತು. ಬೆಸುಗೆ ಒಳಗೆ ಪೂರ್ತಿ ಹರಿದಿದೆಯೇ, ಚಕ್ರಗಳು ಒಂದೇ ಗೆರೆಯಲ್ಲಿವೆಯೇ? ಅಷ್ಟು ಸರಿಯಿದ್ದರೆ ನನ್ನ ಕೆಲಸ ಮುಗಿಯಿತು, ಅಂದಚಂದ ಅವರ ಪಾಡು ಎಂದುಕೊಂಡಿದ್ದೆ. ಆ ಸೊಕ್ಕು ಇಳಿದದ್ದು ಒಬ್ಬ ಬ್ಯಾಂಕ್ ಅಧಿಕಾರಿಯ ಸೈಕಲ್ಲಿನಿಂದ.

ಅವರಿಗೆ ದೂರ ಪ್ರಯಾಣದ ಸೈಕಲ್ ಬೇಕಿತ್ತು. ಮೇಲಿನ ಪೈಪು ಸಮತಟ್ಟಾಗಿರಬೇಕು, ಮಡ್‌ಗಾರ್ಡ್ ಇರಬೇಕು, ಬಣ್ಣ ಕಡು ಹಸಿರು. ಫ್ರೇಮಿನ ಬೆಸುಗೆ ಮುಗಿದ ಮೇಲೆ ಅವರು ಮನಸ್ಸು ಬದಲಿಸಿ, 32 ಮಿ.ಮೀ. ಟೈರಿನ ಬದಲು 38 ಹಾಕಿಕೊಡಿ ಎಂದರು. ಹಿಂದೆ ಜಾಗವಿತ್ತು. ಮುಂದೆ, ನಾನು ಲೆಕ್ಕ ಹಾಕಿದ್ದ ಫೋರ್ಕಿನಲ್ಲಿ, ಇರಲಿಲ್ಲ. ಫೋರ್ಕನ್ನು ಇನ್ನೂ ಕಟ್ಟಿರಲಿಲ್ಲವಾದ್ದರಿಂದ 12 ಮಿ.ಮೀ. ಉದ್ದ ಮಾಡಿಬಿಟ್ಟೆ. ಒಂದು ಬೆರಳಿನ ಅಗಲವೂ ಇಲ್ಲ, ಯಾರು ನೋಡುತ್ತಾರೆ!

ಸೈಕಲ್ ತೆಗೆದುಕೊಂಡು ಹೋದವರು ಮುಂದಿನ ವಾರವೇ ಮರಳಿ ಬಂದರು. ಓಡಿಸಲು ಹಾಯಾಗಿದೆ, ಆದರೆ ಹಸಿರು ಸರಿಯಿಲ್ಲ ಎಂದರು. ಜೊತೆಗೆ ಕರೆತಂದ ಸ್ನೇಹಿತನೂ ತಲೆಯಾಡಿಸಿದ, ಬಣ್ಣ ಭಾರವಾಯಿತು ಅಂತೆ. ನಾನು ಕೆರೆದು ತೆಗೆದು ತಿಳಿ ನೀಲಿ ಬಳಿಸಿಕೊಟ್ಟೆ. ಅರ್ಧ ಖರ್ಚು ನನ್ನದು. ಹದಿನೈದು ದಿನಕ್ಕೆ ಮತ್ತೆ ಬಾಗಿಲಲ್ಲಿ ನಿಂತಿದ್ದರು. "ತಪ್ಪು ತಿಳಿಯಬೇಡಿ, ಇದು ಯಾಕೋ ಸೈಕಲ್ಲಿನ ಹಾಗೆ ನಿಂತಿಲ್ಲ" ಎಂದರು. ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ.

ಅಪ್ಪನ ಕಾಲದಿಂದ ನಮ್ಮಲ್ಲಿರುವ ಹಿರಿಯ ಕೆಲಸಗಾರರೊಬ್ಬರಿದ್ದಾರೆ. ದೊಡ್ಡಪ್ಪ ಎಂದೇ ಕರೆಯುತ್ತೇನೆ. ಸೈಕಲ್ ಅವರಿಗೆ ಒಂದು ವಾಹನ, ಅಷ್ಟೇ. ಲಗ್ಗಿನ ತುದಿ ಚೂಪೋ ಮೊಂಡೋ ಅವರಿಗೆ ಬೇಕಿಲ್ಲ. ಆದರೆ ನಲವತ್ತು ವರ್ಷ ಗೇಟು ನಿಲ್ಲಿಸಿದ ಕಣ್ಣು. ರಸ್ತೆಯಾಚೆ ಚಹಾ ಕುಡಿಯುತ್ತಿದ್ದವರು ಅಲ್ಲಿಂದಲೇ ಹೇಳಿದರು: "ಏನಪ್ಪಾ, ಅದು ಮೂಗೆತ್ತಿಕೊಂಡು ನಿಂತಿದೆಯಲ್ಲ."

ಒಳಗಿನ ಸಮತಟ್ಟು ನೆಲದ ಮೇಲೆ ನಿಲ್ಲಿಸಿ, ಗಾರೆಯವರು ಮಟ್ಟ ನೋಡುವ ನೀರಿನ ಪೈಪು ಹಿಡಿದೆವು. ಮೇಲಿನ ಪೈಪು 56 ಸೆಂ.ಮೀ. ಉದ್ದ. ಅದರ ಮುಂದಿನ ತುದಿ ಹಿಂದಿನದಕ್ಕಿಂತ ಆರೂವರೆ ಮಿ.ಮೀ. ಮೇಲಿತ್ತು. ಎರಡು ಚಕ್ರಗಳ ನಡುವೆ ಒಂದು ಮೀಟರಿಗಿಂತ ತುಸು ಹೆಚ್ಚು ಅಂತರ. ಮುಂದೆ 12 ಮಿ.ಮೀ. ಎತ್ತಿದರೆ ಇಡೀ ಫ್ರೇಮು ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಹಿಂದಕ್ಕೆ ವಾಲುತ್ತದೆ. ಓಡಿಸುವಾಗ ತಿಳಿಯುವುದು ಕಷ್ಟ. ಕಣ್ಣಿಗೆ ಮಾತ್ರ ತಿಳಿಯುತ್ತದೆ, ಏಕೆಂದರೆ ಪೈಪು ಪೂರ್ತಿ ಇಳಿಜಾರಾಗಿದ್ದರೆ ಅದನ್ನು ಇಳಿಜಾರು ಎಂದೇ ಒಪ್ಪುತ್ತೇವೆ, ಸಮತಟ್ಟು ಎಂದುಕೊಂಡದ್ದು ಕೂದಲೆಳೆ ಎದ್ದರೆ ಸಹಿಸುವುದಿಲ್ಲ. ಗೋಡೆಯ ಮೇಲಿನ ಫೋಟೊ ಓರೆಯಾದಂತೆ. ಎದ್ದದ್ದು ಮುಂದಕ್ಕಾದರಂತೂ ಮುಗಿಯಿತು. ಹಿಂದೆ ಕುಸಿದ ಕುದುರೆಯಂತೆ ಕಾಣುತ್ತದೆ. ಬ್ಯಾಂಕಿನವರು ಇಷ್ಟು ದಿನ ಆ ಆರೂವರೆ ಮಿ.ಮೀ. ನೋಡುತ್ತಿದ್ದರು. ಅದಕ್ಕೆ ಹೆಸರು ಗೊತ್ತಿಲ್ಲದೆ ಹಸಿರು ಎಂದಿದ್ದರು.

ಹೊಸ ಫೋರ್ಕು ಕಟ್ಟಿದೆ, ಟೈರು 32ಕ್ಕೆ ಇಳಿಸಿದರು. ನೀಲಿ ಬಣ್ಣ ಹಾಗೇ ಉಳಿಯಿತು, ಅದರ ಬಗ್ಗೆ ಆಮೇಲೆ ಯಾರೂ ತುಟಿ ಬಿಚ್ಚಲಿಲ್ಲ.

ಅಂದಿನಿಂದ ನಾನು ಕೇಳುವ ರೀತಿಯನ್ನು ಬದಲಿಸಿದೆ. ಹೇಗಿದೆ ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ ಚೆನ್ನಾಗಿದೆ ಎನ್ನುತ್ತಾರೆ, ಇಲ್ಲವೇ ಬಣ್ಣದ ಮಾತು ಎತ್ತುತ್ತಾರೆ. ಬಣ್ಣಕ್ಕೆ ಮಾತ್ರ ಎಲ್ಲರ ಬಾಯಲ್ಲೂ ಪದಗಳಿವೆ. ಅದಕ್ಕೆ ಐದಾರು ಹೆಜ್ಜೆ ದೂರ ನಿಲ್ಲಿಸಿ, ಕಣ್ಣು ಎಲ್ಲಿ ತಡೆಯುತ್ತದೆ, ಅಲ್ಲಿ ಬೆರಳಿಡಿ ಎನ್ನುತ್ತೇನೆ. ಮೊಬೈಲಿನಲ್ಲಿ ಕಪ್ಪು ಬಿಳುಪು ಚಿತ್ರ ತೆಗೆದು ತೋರಿಸುತ್ತೇನೆ. ಬಣ್ಣ ಹೋದರೆ ಗೆರೆಗಳು ಮಾತ್ರ ಉಳಿಯುತ್ತವೆ. (ಈ ಗುಂಪಿನವರಿಗೆ ಚಿತ್ರಕ್ಕೂ ಶಾಸ್ತ್ರವಿದೆ. ಚೈನಿನ ಬದಿಯಿಂದಲೇ ತೆಗೆಯಬೇಕು, ಎರಡೂ ಚಕ್ರದ ವಾಲ್ವುಗಳು ಒಂದೇ ಕಡೆ ಇರಬೇಕು. ಕನ್ಯೆ ನೋಡಲು ಬಂದವರಂತೆ.)

ಬೆರಳು ಇಟ್ಟ ಜಾಗದಲ್ಲಿ ಅಳತೆಪಟ್ಟಿ ಇಟ್ಟರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಮಡ್‌ಗಾರ್ಡ್ ಅಗ್ಗದ್ದು ಎಂದವರೊಬ್ಬರು ಬೆರಳಿಟ್ಟದ್ದು ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿಗೆ. ಮೇಲೆ 12 ಮಿ.ಮೀ., ಪೆಡಲಿನ ಹತ್ತಿರ 20. ಹಿಂದಿನ ಕವಲುಗಳನ್ನು ಸೇರಿಸುವ ಎರಡು ಅಡ್ಡಪಟ್ಟಿಗಳನ್ನು ಆಕ್ಸಲ್ಲಿನಿಂದ ಸಮದೂರದಲ್ಲಿ ಬೆಸೆದರೆ ಮಡ್‌ಗಾರ್ಡ್ ತಾನಾಗಿ ಟೈರನ್ನು ಸುತ್ತುತ್ತದೆ. ನಾನು ಕೈಗೆ ಬಂದಲ್ಲಿ ಬೆಸೆದಿದ್ದೆ. ಹಳೆಯ ಫ್ರೆಂಚ್ ಕಟ್ಟುಗಾರರು, ರೆನೆ ಎರ್ಸ್ ಅಂಥವರು, ಮಡ್‌ಗಾರ್ಡ್, ಕ್ಯಾರಿಯರ್, ದೀಪ ಎಲ್ಲವನ್ನೂ ಫ್ರೇಮಿನ ಜೊತೆಗೇ ಲೆಕ್ಕ ಹಾಕುತ್ತಿದ್ದರು. ಅವರ ಸೈಕಲ್ಲುಗಳನ್ನು ಜನ ಇಂದಿಗೂ ಬಾಯಿ ಬಿಟ್ಟು ನೋಡುವುದರ ಗುಟ್ಟಿನಲ್ಲಿ ಅರ್ಧ ಇದೇ ಎಂದು ನನಗೆ ಈಗ ಅನಿಸುತ್ತದೆ.

ಹಾಗೆಂದು ಎಲ್ಲ ಅಭಿಪ್ರಾಯಕ್ಕೂ ಅಳತೆಪಟ್ಟಿ ಹಿಡಿಯಲು ಆಗುವುದಿಲ್ಲ. ಇಂಗ್ಲೆಂಡಿನ ಹೆಚಿನ್ಸ್ ಕಂಪನಿ 1930ರ ದಶಕದಲ್ಲಿ ಹಿಂದಿನ ಕವಲುಗಳನ್ನು ಹಾವಿನಂತೆ ಬಾಗಿಸಿತು. ವೈದ್ಯರಿಗೆ ಅದು ಕಾವ್ಯ, ಇಂಜಿನಿಯರ್ ಹುಡುಗನಿಗೆ ಅಪಘಾತವಾದ ಸೈಕಲ್. ಅಲ್ಲಿ ನಾನು ಚಹಾ ತರಿಸುತ್ತೇನೆ, ಅಷ್ಟೇ.

ಈಗ ಕೈಯಲ್ಲಿರುವುದು ಚಿತ್ರದುರ್ಗದ ಶಿಕ್ಷಕಿಯೊಬ್ಬರ ಫ್ರೇಮು. ಅವರು ಐದು ಅಡಿ ಒಂದು ಇಂಚು. ಆ ಎತ್ತರಕ್ಕೆ 700ಸಿ ಎಂಬ ದೊಡ್ಡ ಅಳತೆಯ ಚಕ್ರ ಹಾಕಿ ಮೇಲಿನ ಪೈಪನ್ನು ಸಮತಟ್ಟು ಮಾಡಿದರೆ ಹ್ಯಾಂಡಲ್ ಕೆಳಗಿನ ಪೈಪು ಎಷ್ಟು ಗಿಡ್ಡವಾಗುತ್ತದೆಂದರೆ ಮೇಲಿನ ಲಗ್ಗೂ ಕೆಳಗಿನ ಲಗ್ಗೂ ಒಂದಕ್ಕೊಂದು ತಾಗುತ್ತವೆ. ಸಣ್ಣ 650ಬಿ ಚಕ್ರ, ಸ್ವಲ್ಪ ಇಳಿಜಾರು ಎಂದು ತೀರ್ಮಾನವಾಯಿತು. "ನನ್ನ ಕಾಲು ನೆಲ ಮುಟ್ಟಲಿ, ಚಿತ್ರ ಆಮೇಲೆ ತೆಗೆಯೋಣ" ಎಂದರು ಅವರು.

ಕಳೆದ ಭಾನುವಾರ ವೈದ್ಯರು ಬಂದಾಗ ಫ್ರೇಮು ಕೊಕ್ಕೆಗೆ ತೂಗುತ್ತಿತ್ತು. ಇಳಿಜಾರು ಕಂಡು ಮುಖ ಸಿಂಡರಿಸಿದರು. ಬೆರಳಿಡಿ ಸರ್ ಎಂದೆ. ಇಳಿಜಾರಿನ ಮೇಲೆ ಇಡುತ್ತಾರೆ ಎಂದುಕೊಂಡಿದ್ದೆ. ಅವರು ಸೀಟಿನ ಕೆಳಗಿನ ಲಗ್ಗಿನ ಎಡ ತುದಿಯ ಮೇಲೆ ಇಟ್ಟರು. ಹೊರಟ ಮೇಲೆ ದೀಪ ಹಿಡಿದು ನೋಡಿದೆ. ಬಲಗಡೆ ತುದಿ ಎಲೆಯಂತೆ ತೆಳುವಾಗಿ ಪೈಪಿನೊಳಗೆ ಕರಗಿತ್ತು, ಎಡಗಡೆ ಇನ್ನೂ ದಪ್ಪ ಇತ್ತು. ಸೋಮವಾರ ಬೆಳಿಗ್ಗೆ ಗೇಟಿನ ಕೆಲಸ ಪಕ್ಕಕ್ಕಿಟ್ಟು ಸಣ್ಣ ಅರ ತೆಗೆದುಕೊಂಡು ಕುಳಿತೆ.