ಅಟ್ಲಾಂಟಿಕ್ ದಾಟಿ ಸೌತಾಂಪ್ಟನ್‌ಗೆ: ಹಡಗು ಇಳಿಯುವ ಮುಂಚಿನ ಆ ಕೆಲವು ದಿನ

ಚಳಿಗಾಲವನ್ನೆಲ್ಲ ಕೆರಿಬಿಯನ್ ದ್ವೀಪಗಳ ನಡುವೆ ಸುತ್ತುತ್ತ ಕಳೆಯುವ ದೊಡ್ಡ ಕ್ರೂಸ್ ಹಡಗುಗಳು ಏಪ್ರಿಲ್ ಬಂತೆಂದರೆ ಯುರೋಪಿನ ಬೇಸಿಗೆಗೆಂದು ಅಟ್ಲಾಂಟಿಕ್ ದಾಟುತ್ತವೆ. ಹೇಗೂ ಹೋಗಲೇಬೇಕಾದ ಹಡಗು, ಖಾಲಿ ಯಾಕೆ ಹೋಗಬೇಕು ಎಂದು ಜನರನ್ನು ಹತ್ತಿಸಿಕೊಳ್ಳುತ್ತವೆ. ರಿಪೊಸಿಷನಿಂಗ್ ಕ್ರೂಸ್ ಅಂತ ಇದಕ್ಕೆ ಹೆಸರು. ದಿನದ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಟಿಕೆಟ್ ಅಗ್ಗವೇ. ನಾನು, ನಮ್ಮ ಯಜಮಾನರು, ಅತ್ತೆ, ಮಾವ ಹೋದದ್ದು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಿಂದ ಅಜೋರ್ಸ್ ದ್ವೀಪದಲ್ಲಿ ಒಂದು ನಿಲುಗಡೆ ಮಾಡಿ ಇಂಗ್ಲೆಂಡಿನ ಸೌತಾಂಪ್ಟನ್‌ಗೆ. ಹಡಗು ಹತ್ತುವುದು ಹೇಗೆ, ಯಾವ ಕ್ಯಾಬಿನ್ ಹಿಡಿಯಬೇಕು ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇಳಿಯುವುದರ ಬಗ್ಗೆ ಹೇಳುವವರು ಕಮ್ಮಿ. ಅಜೋರ್ಸ್ ಮುಟ್ಟಿದ ಮೇಲಿನ ದಿನಗಳಷ್ಟನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಸಂಗತಿ ತಲೆಯಲ್ಲಿದ್ದರೆ ಕೊನೆಯ ದಿನಗಳ ಎಲ್ಲ ನಿಯಮಗಳೂ ಅರ್ಥವಾಗುತ್ತವೆ. ನೀವು ಬೆಳಿಗ್ಗೆ ಇಳಿಯುತ್ತೀರಿ, ಅದೇ ಮಧ್ಯಾಹ್ನ ಸಾವಿರಾರು ಹೊಸಬರು ಹತ್ತುತ್ತಾರೆ, ಸಂಜೆಗೆ ಹಡಗು ಮತ್ತೆ ಹೊರಡುತ್ತದೆ. ನಡುವೆ ಸಿಗುವ ನಾಲ್ಕೈದು ಗಂಟೆಯಲ್ಲಿ ಅಷ್ಟೂ ಕ್ಯಾಬಿನ್ ತೊಳೆದು, ಹಾಸಿಗೆ ಬದಲಿಸಿ, ಅಡುಗೆಮನೆಗೆ ಸಾಮಾನು ತುಂಬಬೇಕು. ಹಾಗಾಗಿ ನಿಮ್ಮನ್ನು ಕಳಿಸುವ ಕೆಲಸವನ್ನು ಸಿಬ್ಬಂದಿ ಎರಡು ದಿನ ಮೊದಲೇ ಶುರುಮಾಡಿರುತ್ತಾರೆ. ಲಾಂಡ್ರಿ ಬೇಗ ಮುಚ್ಚುವುದು, ರಾತ್ರಿಯೇ ಸೂಟ್‌ಕೇಸ್ ಕೇಳುವುದು, ಬೆಳಿಗ್ಗೆ ಎಂಟಕ್ಕೆಲ್ಲ ಕ್ಯಾಬಿನ್ ಬಿಡಿ ಅನ್ನುವುದು, ಎಲ್ಲದರ ಹಿಂದೆ ಇರುವುದು ಇದೇ. ಅವರ ಲೆಕ್ಕಕ್ಕಿಂತ ಒಂದು ದಿನ ಮುಂದೆ ನೀವಿದ್ದರೆ ಕೊನೆಯ ಸಂಜೆ ನಿಮ್ಮದಾಗಿ ಉಳಿಯುತ್ತದೆ. ಇಲ್ಲದಿದ್ದರೆ ರಿಸೆಪ್ಷನ್ ಮುಂದಿನ ಸಾಲಿನಲ್ಲಿ ಕಳೆದುಹೋಗುತ್ತದೆ.

ಹಡಗು ನಿಲ್ಲುವ ಪೊಂಟಾ ಡೆಲ್ಗಾಡಾ ಬಂದರು ಅಜೋರ್ಸ್‌ನ ಒಂಬತ್ತು ದ್ವೀಪಗಳಲ್ಲಿ ದೊಡ್ಡದಾದ ಸಾವೊ ಮಿಗೆಲ್‌ನಲ್ಲಿದೆ. ವಾರದ ಮೇಲೆ ನೀರನ್ನೇ ನೋಡಿದವರಿಗೆ ಆ ಹಸಿರು ಕಂಡಾಗ ಎಲ್ಲ ನೋಡಿಬಿಡೋಣ ಅನ್ನಿಸುತ್ತದೆ. ಎಲ್ಲ ಆಗುವುದಿಲ್ಲ. ಸೆತೆ ಸಿದಾದೆಸ್ ಎಂಬಲ್ಲಿ ಜ್ವಾಲಾಮುಖಿಯ ಬಾಯೊಳಗೆ ಒಂದು ನೀಲಿ, ಒಂದು ಹಸಿರು ಕೆರೆ ಅಕ್ಕಪಕ್ಕ ಇವೆ, ಫೋಟೋಗಳಲ್ಲಿ ನೋಡಿರುತ್ತೀರಿ. ಆದರೆ ಅಲ್ಲಿ ಮಂಜು ಕವಿಯುವುದು ಸಾಮಾನ್ಯ, ಕವಿದರೆ ಎದುರಿಗೆ ಬಿಳಿ ಗೋಡೆ ಅಷ್ಟೇ. ಬೆಳಿಗ್ಗೆ ಬೆಟ್ಟದ ಕಡೆ ಮೋಡ ಕಂಡರೆ ಆ ಟೂರ್ ಬಿಟ್ಟು ಉತ್ತರ ಕರಾವಳಿಯ ಗೊರ್ರಿಯಾನಾ ಚಹಾ ತೋಟಕ್ಕೆ ಹೋಗಿ. 1883ರಿಂದ ನಡೆಯುತ್ತಿರುವ ತೋಟ ಅದು. ಹಳೆಯ ಯಂತ್ರಗಳು ಇನ್ನೂ ಎಲೆ ಉರುಟುತ್ತಿರುತ್ತವೆ, ತೋಟದ ಸಾಲುಗಳು ಸಮುದ್ರದ ಕಡೆಗೆ ಇಳಿಯುತ್ತವೆ. ಅಲ್ಲಿ ಕೊಂಡ ಚಹಾ ಪೊಟ್ಟಣ ಸೂಟ್‌ಕೇಸಿಗೆ ಭಾರವೂ ಅಲ್ಲ. ಊರಿನ ಅಂಗಡಿಗಳಲ್ಲಿ ಮಾರುವ ಸಾವೊ ಜೊರ್ಜೆ ಚೀಸ್ ಮಾತ್ರ ಹಡಗಿನಲ್ಲೇ ತಿಂದು ಮುಗಿಸುವಷ್ಟು ಕೊಳ್ಳಿ. ಯುರೋಪಿಯನ್ ಒಕ್ಕೂಟದಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಸ್ವಂತ ಬಳಕೆಗೂ ತರಬಾರದೆಂದು ಬ್ರಿಟನ್ 2025ರ ಏಪ್ರಿಲ್‌ನಲ್ಲಿ ನಿಷೇಧ ಹೇರಿದೆ. ಅಜೋರ್ಸ್ ಪೋರ್ಚುಗಲ್‌ಗೆ ಸೇರಿದ್ದು, ಹಾಗಾಗಿ ಇಲ್ಲಿಯ ಚೀಸ್‌ಗೂ ಅದೇ ಕಾನೂನು.

ಇದೇ ಕಾರಣಕ್ಕೆ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಈ ದಾರಿಯಲ್ಲಿ ಮೂರು ವೀಸಾ ಬೇಕು: ಅಮೆರಿಕದ್ದು, ಒಂದೇ ದಿನದ ಅಜೋರ್ಸ್‌ಗಾಗಿ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ), ಕೊನೆಗೆ ಬ್ರಿಟನ್ನಿನದು. "ಅಜೋರ್ಸ್‌ನಲ್ಲಿ ಇಳಿಯದೆ ಹಡಗಲ್ಲೇ ಕೂತಿದ್ದರಾಯಿತು" ಎಂದು ಏಜೆಂಟ್ ಹೇಳಿದರೆ ನಂಬಬೇಡಿ, ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆಯಿರಿ. ವೀಸಾ ಕಡಿಮೆ ಇದ್ದರೆ ಹತ್ತುವಾಗಲೇ ತಡೆಯುತ್ತಾರೆ.

ಅಜೋರ್ಸ್ ಬಿಟ್ಟರೆ ಸೌತಾಂಪ್ಟನ್‌ಗೆ ಸುಮಾರು ಮೂರು ದಿನದ ಹಾದಿ. ಫ್ಲಾರಿಡಾಕ್ಕೂ ಇಂಗ್ಲೆಂಡಿಗೂ ಬೇಸಿಗೆ ಸಮಯದಲ್ಲಿ ಐದು ಗಂಟೆ ಅಂತರ. ನಾಲ್ಕು ಗಂಟೆ ಅಜೋರ್ಸ್ ಮುಟ್ಟುವುದರೊಳಗೆ ಹೋಗಿರುತ್ತದೆ, ಉಳಿದ ಒಂದು ಈ ದಿನಗಳಲ್ಲಿ ಹೋಗುತ್ತದೆ. ಕೆಲವು ಹಡಗುಗಳು ನಡುರಾತ್ರಿ ಗಡಿಯಾರ ಮುಂದೂಡುತ್ತವೆ, ನಮ್ಮದರಲ್ಲಿ ನಡುಮಧ್ಯಾಹ್ನ. ಹನ್ನೆರಡು ಹೊಡೆಯುವ ಹೊತ್ತಿಗೆ ಸ್ಪೀಕರಿನಲ್ಲಿ ಘೋಷಣೆ ಬಂದು ಒಂದು ಗಂಟೆ ಆಗಿಬಿಡುತ್ತಿತ್ತು. "ಇವತ್ತೂ ಒಂದು ಗಂಟೆ ನುಂಗಿದ್ರಾ ಇವರು?" ಎಂದು ಅತ್ತೆ ಪ್ರತಿ ಸಲವೂ ಕೇಳುತ್ತಿದ್ದರು. ಮಾವನವರ ಉತ್ತರವೂ ಪ್ರತಿ ಸಲ ಒಂದೇ: "ಊಟದ ಹೊತ್ತು ಬೇಗ ಬಂತಲ್ಲ, ಬಿಡು." ತಮಾಷೆ ಹಾಗಿರಲಿ, ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ಡಾಕ್ಟರ ಹತ್ತಿರ ಹೊತ್ತಿನ ಲೆಕ್ಕ ಬರೆಸಿಕೊಂಡಿರಬೇಕು, ಇನ್ಸುಲಿನ್ ಇದ್ದರಂತೂ ಖಂಡಿತ. ಫೋನು ಏರ್‌ಪ್ಲೇನ್ ಮೋಡ್‌ನಲ್ಲೇ ಇರಲಿ, ಸಮಯ ಕೈಯಿಂದಲೇ ಬದಲಿಸಿ. ನಡುಗಡಲಲ್ಲಿ ಹಡಗಿನ ಉಪಗ್ರಹ ಟವರಿಗೆ ಫೋನು ತಾನಾಗಿ ಅಂಟಿಕೊಂಡರೆ ರೋಮಿಂಗ್ ಬಿಲ್ಲು ಎದೆ ಒಡೆಸುತ್ತದೆ.

ಸಮುದ್ರದ ಮಾತು ಒಂದಿಷ್ಟು. ಬ್ರಿಟನ್ನಿನ ಹತ್ತಿರ ಬರುತ್ತಿದ್ದಂತೆ ಕಡಲ ತಳ ನಾಲ್ಕು ಸಾವಿರ ಮೀಟರಿಗೂ ಹೆಚ್ಚಿನ ಆಳದಿಂದ ಇನ್ನೂರು ಮೀಟರಿನೊಳಕ್ಕೆ ಏರುತ್ತದೆ. ಮೇಲಿನಿಂದ ನೋಡುವವರಿಗೂ ಅದು ತಿಳಿಯುತ್ತದೆ. ವಾರಗಟ್ಟಲೆ ಶಾಯಿಯಂತಿದ್ದ ನೀಲಿ ನೀರು ಬೆಳಗಾಗುವುದರೊಳಗೆ ಮಬ್ಬು ಹಸಿರಾಗಿರುತ್ತದೆ. ತಳದ ಪೋಷಕಾಂಶ ಮೇಲೆ ಬಂದು ಸೂಕ್ಷ್ಮ ಸಸ್ಯಜೀವಿಗಳು ಬೆಳೆಯುವುದರಿಂದ ಬರುವ ಬಣ್ಣ ಅದು. ಅದನ್ನು ಹುಡುಕಿಕೊಂಡು ಮೀನು, ಮೀನಿನ ಹಿಂದೆ ಡಾಲ್ಫಿನ್, ಅದೃಷ್ಟವಿದ್ದರೆ ತಿಮಿಂಗಿಲ. ಗ್ಯಾನೆಟ್ ಎಂಬ ದೊಡ್ಡ ಬಿಳಿ ಹಕ್ಕಿ, ರೆಕ್ಕೆಯ ತುದಿ ಮಾತ್ರ ಮಸಿ ಬಳಿದಂತೆ ಕಪ್ಪು, ಎತ್ತರದಿಂದ ರೆಕ್ಕೆ ಮಡಚಿ ನೀರಿಗೆ ನೆಟ್ಟಗೆ ಬೀಳುತ್ತದೆ. ಇದನ್ನೆಲ್ಲ ನೋಡಲು ಸರಿಯಾದ ಜಾಗ ಮೇಲಿನ ಈಜುಕೊಳದ ಡೆಕ್ ಅಲ್ಲ, ಕೆಳಗೆ ಹಡಗನ್ನು ಸುತ್ತುಹಾಕುವ ನಡಿಗೆಯ ಡೆಕ್. ಗಾಳಿ ಬೀಸುವ ಬದಿಗೆ ಬೆನ್ನು ಮಾಡಿ ಇನ್ನೊಂದು ಬದಿಯಲ್ಲಿ ನಿಲ್ಲಿ. ಫ್ಲಾರಿಡಾದ ಸೆಖೆಯಲ್ಲಿ ಸೂಟ್‌ಕೇಸಿನ ತಳ ಸೇರಿದ ಸ್ವೆಟರು ಈಗ ಮೇಲೆ ಬರಬೇಕು.

ಅಲೆ ಹೆಚ್ಚಿದರೆ ಹಡಗಿನ ಮಧ್ಯಭಾಗಕ್ಕೆ, ಕೆಳ ಅಂತಸ್ತಿಗೆ ಬಂದು ಕೂತು ದಿಗಂತ ನೋಡುತ್ತಿರಿ. ಕುಲುಕಾಟ ಅಲ್ಲಿ ಕಡಿಮೆ. ವಾಕರಿಕೆಯ ಮಾತ್ರೆ ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಮ್ಮಿ, ಮೊದಲೇ ತೆಗೆದುಕೊಳ್ಳಬೇಕು.

ಈಗ ದುಡ್ಡಿನ ವಿಷಯ. ಹಡಗಿನಲ್ಲಿ ಯಾರೂ ನೋಟು ತೆಗೆಯುವುದಿಲ್ಲ, ಎಲ್ಲವೂ ಕ್ಯಾಬಿನ್ ಕಾರ್ಡಿಗೆ ಸೇರುತ್ತ ಹೋಗುತ್ತದೆ. ಅದಕ್ಕೇ ಖರ್ಚು ಕಾಣುವುದಿಲ್ಲ. ಕೊನೆಯ ರಾತ್ರಿಗೆ ಕಾಯಬೇಡಿ. ಇಳಿಯುವುದಕ್ಕೆ ಎರಡು ದಿನ ಇರುವಾಗ, ಎಲ್ಲರೂ ಊಟಕ್ಕೆ ಹೋಗಿರುವ ಹೊತ್ತು ನೋಡಿ ರಿಸೆಪ್ಷನ್‌ನಲ್ಲಿ ಅಲ್ಲಿಯವರೆಗಿನ ಬಿಲ್ಲು ಪ್ರಿಂಟ್ ತೆಗೆಸಿ ಸಾಲುಸಾಲಾಗಿ ಓದಿ. ನಮ್ಮ ಬಿಲ್ಲಿನಲ್ಲಿ ನಾವು ಮುಟ್ಟಿಯೇ ಇಲ್ಲದ ಮಿನಿಬಾರ್ ಬಾಟಲಿಗಳು ಕೂತಿದ್ದವು, ತೋರಿಸಿದ ಕೂಡಲೇ ತೆಗೆದರು. ಅದೇ ತಕರಾರು ಕೊನೆಯ ಬೆಳಿಗ್ಗೆ ಆಗಿದ್ದರೆ ಅಷ್ಟು ಸಲೀಸಾಗಿ ಮುಗಿಯುತ್ತಿರಲಿಲ್ಲ.

ಬಿಲ್ಲಿನಲ್ಲಿ ನೋಡಬೇಕಾದದ್ದು ಏನೇನು? ಸಿಬ್ಬಂದಿಯ ಟಿಪ್ಸು ದಿನಕ್ಕೆ ತಲೆಗೆ ಇಷ್ಟು ಡಾಲರ್ ಎಂದು ತಾನಾಗಿ ಸೇರಿರುತ್ತದೆ. ಟಿಕೆಟ್ಟಿನ ಜೊತೆ ಮೊದಲೇ ಕಟ್ಟಿದ್ದರೆ ಎರಡು ಸಲ ಬಿದ್ದಿದೆಯೇ ನೋಡಿ. ಅಮೆರಿಕದ ಕಂಪನಿಗಳ ಹಡಗಿನಲ್ಲಿ ಬಾರ್ ಚೀಟಿಗೆ ಸೇವಾಶುಲ್ಕ ಆಗಲೇ ಸೇರಿದ್ದರೂ ಕೆಳಗೆ ಟಿಪ್ಸಿಗೆಂದು ಇನ್ನೊಂದು ಖಾಲಿ ಗೆರೆ ಇರುತ್ತದೆ. ಅದನ್ನು ತುಂಬಲೇಬೇಕೆಂದಿಲ್ಲ. ಕಂಪನಿ ಉಡುಗೊರೆಯಾಗಿ ಕೊಟ್ಟ ಆನ್‌ಬೋರ್ಡ್ ಕ್ರೆಡಿಟ್ (ಹಡಗಿನಲ್ಲೇ ಖರ್ಚು ಮಾಡಬೇಕಾದ ಮೊತ್ತ) ಉಳಿದಿದ್ದರೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ, ಅಲ್ಲೇ ಮುಗಿಸಿ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಕಾರ್ಡಿಗೆ ಡಾಲರ್‌ನಲ್ಲೇ ಬಿಲ್ ಮಾಡುತ್ತಾರೋ ರೂಪಾಯಿಗೆ ಬದಲಿಸಿ ಮಾಡುತ್ತಾರೋ ಕೇಳಿ. "ನಿಮ್ಮ ಅನುಕೂಲಕ್ಕೆ" ಎಂದು ಅವರೇ ಬದಲಿಸುವ ದರದಲ್ಲಿ ಅನುಕೂಲ ಯಾರದೆಂದು ಹೇಳಬೇಕಿಲ್ಲ. ಡಾಲರ್‌ನಲ್ಲೇ ಮಾಡಿ ಅನ್ನಿ.

ಕೊನೆಯ ಎರಡು ದಿನ ಅಂಗಡಿಗಳ ಮುಂದೆ ಮೇಜು ಹಾಕಿ ಗಡಿಯಾರ, ಸರ, ಟೀಶರ್ಟು ರಾಶಿ ಹಾಕುತ್ತಾರೆ. ನೋಡಿಕೊಂಡು ಮುಂದೆ ಹೋಗಿ. ಮುಂದಿನ ಕ್ರೂಸನ್ನು ಈಗಲೇ ಬುಕ್ ಮಾಡಿ ಎಂದು ಕೂರಿಸಿಕೊಳ್ಳುವವರಿಗೆ ಮುಂಗಡ ವಾಪಸ್ ಬರುತ್ತದೆಯೇ ಎಂಬ ಒಂದೇ ಪ್ರಶ್ನೆ ಕೇಳಿ. ಹಡಗಿನಲ್ಲಿ ಕೊಂಡ ಡ್ಯೂಟಿ ಫ್ರೀ ಬಾಟಲಿ ಕೊನೆಯ ಸಂಜೆಯೇ ಕೈಗೆ ಸಿಗುವುದು. ವಿಮಾನದ ಕ್ಯಾಬಿನ್ ಬ್ಯಾಗಿನಲ್ಲಿ ಅದನ್ನು ಒಯ್ಯಲು ಬಿಡದಿರುವ ಸಂಭವವೇ ಹೆಚ್ಚು, ಆದ್ದರಿಂದ ಸೂಟ್‌ಕೇಸಿನ ನಡುವೆ ಬಟ್ಟೆಯ ಗೂಡು ಮಾಡಿ ಜಾಗ ಉಳಿಸಿ. ಬ್ರಿಟನ್ನಿಗೆ ಒಬ್ಬರು ಸುಂಕವಿಲ್ಲದೆ ಒಯ್ಯಬಹುದಾದದ್ದು 4 ಲೀಟರ್ ಸ್ಪಿರಿಟ್ಸ್ (ವಿಸ್ಕಿ, ಬ್ರಾಂಡಿಯಂಥವು), 18 ಲೀಟರ್ ವೈನ್. ಅಷ್ಟು ಯಾರೂ ಹೊರುವುದಿಲ್ಲ, ಆದರೆ ಮನೆ ಮುಟ್ಟುವ ದೇಶದ ಮಿತಿ ಇದಕ್ಕಿಂತ ಬಹಳ ಚಿಕ್ಕದಿರಬಹುದು.

ಲಾಂಡ್ರಿ ಅಜೋರ್ಸ್‌ಗಿಂತ ಮುಂಚೆಯೇ ಮುಗಿಸಿ. ನಂತರ ಸ್ವಂತ ಒಗೆಯುವ ಯಂತ್ರಗಳ ಮುಂದೆ ಜಗಳಗಳೇ ನಡೆಯುತ್ತವೆ, ಉತ್ಪ್ರೇಕ್ಷೆಯಲ್ಲ.

ಲಗೇಜಿನ ಟ್ಯಾಗು ಒಂದೆರಡು ದಿನ ಮೊದಲೇ ಕ್ಯಾಬಿನ್ನಿಗೆ ಬರುತ್ತದೆ. ಅದರ ಬಣ್ಣ ಅಥವಾ ನಂಬರಿನ ಮೇಲೆ ನಿಮ್ಮನ್ನು ಕರೆಯುವ ಹೊತ್ತು ನಿರ್ಧಾರವಾಗುತ್ತದೆ. ವಿಮಾನದ ಹೊತ್ತಿಗೆ ಅದು ಹೊಂದದಿದ್ದರೆ ಆಗಲೇ ಬದಲಿಸಿಕೊಳ್ಳಿ. ಎಲ್ಲ ಸಾಮಾನನ್ನೂ ನೀವೇ ಎಳೆದುಕೊಂಡು ಇಳಿಯಬಲ್ಲಿರಾದರೆ ಟ್ಯಾಗೇ ಬೇಡ, ಅಂಥವರನ್ನು ಎಲ್ಲರಿಗಿಂತ ಮೊದಲು ಬಿಡುತ್ತಾರೆ. ಉಳಿದವರು ರಾತ್ರಿ ಹತ್ತು ಹನ್ನೊಂದರೊಳಗೆ ಸೂಟ್‌ಕೇಸನ್ನು ಬಾಗಿಲ ಹೊರಗೆ ಇಡಬೇಕು. ಇಟ್ಟ ಮೇಲೆ ಮತ್ತೆ ಸಿಗುವುದು ದಡದಲ್ಲೇ. ಪ್ರತಿ ಹಡಗಿನಲ್ಲೂ ಯಾರಾದರೂ ಬೆಳಿಗ್ಗೆ ಹಾಕುವ ಪ್ಯಾಂಟನ್ನೋ ಚಪ್ಪಲಿಯನ್ನೋ ಕಳಿಸಿಬಿಟ್ಟು ರಾತ್ರಿಯುಡುಪಿನಲ್ಲಿ ಇಳಿದರಂತೆ ಎಂಬ ಕಥೆ ಇದ್ದೇ ಇರುತ್ತದೆ. ನಾಳೆಯ ಬಟ್ಟೆಯನ್ನು ಮೊದಲು ಕುರ್ಚಿಯ ಮೇಲೆ ಜೋಡಿಸಿ, ಆಮೇಲೆ ಪ್ಯಾಕ್ ಮಾಡಿ. ಕೈಚೀಲದಲ್ಲಿ ಇರಬೇಕಾದದ್ದು ಪಾಸ್‌ಪೋರ್ಟ್, ಔಷಧಿ, ಚಾರ್ಜರ್, ಹಲ್ಲುಜ್ಜುವ ಸಾಮಾನು, ಒಡವೆ. ಕೆಲವು ಕಂಪನಿಗಳು ನಮ್ಮಂಥವರ ಪಾಸ್‌ಪೋರ್ಟನ್ನು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತವೆ. ಎಂದು, ಎಲ್ಲಿ ವಾಪಸ್ ಕೊಡುತ್ತಾರೆ ಎಂದು ವಿಚಾರಿಸಿ, ವಲಸೆ ತಪಾಸಣೆಗೆ ಕರೆದಾಗ ತಪ್ಪದೆ ಹೋಗಿ. ಒಬ್ಬರು ಬಾಕಿ ಇದ್ದರೂ ಉಳಿದವರನ್ನು ತಡೆದು ನಿಲ್ಲಿಸುವುದುಂಟು.

ಅತ್ತೆಗೆ ಮಂಡಿನೋವು, ಹಾಗಾಗಿ ವೀಲ್‌ಚೇರ್ ಕೇಳಿದ್ದೆವು. ಅದಕ್ಕೂ ಎರಡು ದಿನ ಮೊದಲೇ ಹೆಸರು ಬರೆಸಬೇಕು. ಆ ಬೆಳಿಗ್ಗೆ ಕೇಳುವವರ ಸರದಿ ಕೊನೆಗೆ ಹೋಗುತ್ತದೆ.

ಕೊನೆಯ ರಾತ್ರಿ ಊಟದ ಹಾಲಿನಲ್ಲಿ ಮಡಿಚಿದ ಲಕೋಟೆಗಳು ಕೈಬದಲಾಗುತ್ತವೆ. ಟಿಪ್ಸು ಮೊದಲೇ ಕಟ್ಟಿರುವುದರಿಂದ ಕಡ್ಡಾಯವೇನಲ್ಲ. ನಮ್ಮ ಮೇಜಿನ ಹುಡುಗನಿಗೆ ಮಾವನವರು ಲಕೋಟೆ ಕೊಟ್ಟರು, ಅವನು ಹಣಕ್ಕಿಂತ ಹೆಚ್ಚು ಒತ್ತಿ ಕೇಳಿದ್ದು ಕಂಪನಿಯ ಅಭಿಪ್ರಾಯದ ಫಾರಮ್ಮಿನಲ್ಲಿ ತನ್ನ ಹೆಸರು ಬರೆಯಿರಿ ಎಂದು. ಮುಂದಿನ ಕಾಂಟ್ರ್ಯಾಕ್ಟಿಗೆ ಅದು ಲೆಕ್ಕಕ್ಕೆ ಬರುತ್ತದಂತೆ. ಬ್ಯಾಡ್ಜಿನ ಮೇಲಿನ ಹೆಸರನ್ನು ಮೊದಲೇ ಫೋಟೋ ತೆಗೆದಿಟ್ಟುಕೊಂಡರೆ ಸರಿಯಾಗಿ ಬರೆಯಬಹುದು.

ಸೌತಾಂಪ್ಟನ್ ಪ್ರವೇಶ ನೋಡಬೇಕೆಂದರೆ ನಿದ್ದೆ ಕೆಡಬೇಕು. ವೈಟ್ ದ್ವೀಪದ ಪೂರ್ವಕ್ಕೆ ಬಂದರಿನ ದಾರಿ ತೋರಿಸುವ ಪೈಲಟ್ ಹತ್ತುತ್ತಾನೆ, ಹಡಗು ಪೋರ್ಟ್ಸ್‌ಮತ್ ದಾಟಿ ಸೊಲೆಂಟ್ ಜಲಸಂಧಿಯಲ್ಲಿ ನಿಧಾನಕ್ಕೆ ಬಂದು ಕ್ಯಾಲ್ಶಾಟ್ ಹತ್ತಿರ ದೊಡ್ಡ ತಿರುವು ತೆಗೆದುಕೊಳ್ಳುತ್ತದೆ. ಇದೆಲ್ಲ ನಡೆಯುವುದು ಬಹುಪಾಲು ಕತ್ತಲಲ್ಲೇ. ಏಪ್ರಿಲ್‌ನಲ್ಲಿ ಬೆಳಕು ಹರಿಯುವುದು ಆರರ ಆಸುಪಾಸು. 1912ರ ಏಪ್ರಿಲ್ 10ರಂದು ಟೈಟಾನಿಕ್ ಹೊರಟದ್ದು ಇದೇ ಬಂದರಿನಿಂದ. ಮಾವನವರು ಅದನ್ನು ಅಜೋರ್ಸ್‌ನಿಂದಲೇ ನೆನಪಿಸುತ್ತ ಬಂದಿದ್ದರು, ಅತ್ತೆ ಬಾಯಿ ಮುಚ್ಚಿಸುತ್ತ ಬಂದಿದ್ದರು.

ಬೆಳಿಗ್ಗೆ ಬುಫೆಗೆ ಹೋಗಬೇಡಿ, ಕೈಚೀಲ ಹೊತ್ತ ಇಡೀ ಹಡಗೇ ಅಲ್ಲಿರುತ್ತದೆ. ಕೆಳಗಿನ ಊಟದ ಹಾಲಿನಲ್ಲಿ ಕೂತು ಸಾವಕಾಶ ತಿನ್ನಬಹುದು. ಕ್ಯಾಬಿನ್ ಬಿಡುವಾಗ ತಿಜೋರಿ ಖಾಲಿ ಮಾಡಿ ಅದರ ಬಾಗಿಲು ತೆರೆದೇ ಬಿಡಿ, ಸ್ನಾನದ ಮನೆಯ ಬಾಗಿಲ ಹಿಂದಿನ ಕೊಕ್ಕೆ ನೋಡಿ, ಮೇಜಿನ ಹಿಂದಿನ ಪ್ಲಗ್ಗಿನಲ್ಲಿ ಅಡಾಪ್ಟರ್ ಇದೆಯೇ ನೋಡಿ.

ಸೌತಾಂಪ್ಟನ್‌ನಲ್ಲಿ ಐದು ಕ್ರೂಸ್ ಟರ್ಮಿನಲ್‌ಗಳಿವೆ, ಎಲ್ಲವೂ ಒಂದಕ್ಕೊಂದು ನಡೆದುಹೋಗುವ ದೂರದಲ್ಲಿಲ್ಲ. ಕರೆದೊಯ್ಯಲು ಬರುವವರಿಗೆ ನಿಮ್ಮ ಟರ್ಮಿನಲ್ ಹೆಸರನ್ನು ಹಿಂದಿನ ದಿನ ಖಚಿತಪಡಿಸಿಕೊಂಡು ತಿಳಿಸಿ. ಲಂಡನ್ ಒಳಗೆ ಹೋಗುವವರಿಗೆ ಸೌತಾಂಪ್ಟನ್ ಸೆಂಟ್ರಲ್‌ನಿಂದ ವಾಟರ್‌ಲೂಗೆ ರೈಲಿದೆ, ಒಂದೂಕಾಲು ಗಂಟೆಯ ಮೇಲೆ ಸ್ವಲ್ಪ. ಹೀಥ್ರೂ ವಿಮಾನ ನಿಲ್ದಾಣಕ್ಕೆ ಮಾತ್ರ ರೈಲು ಬದಲಿಸುವ ರಗಳೆ ಬೇಡ, ಬಸ್ಸು ನೇರ, ಸುಮಾರು ಎರಡು ಗಂಟೆ. ಭಾನುವಾರ ಹಳಿ ದುರಸ್ತಿಯ ಕಾಟ ಬೇರೆ. ವಿಮಾನ ಮಧ್ಯಾಹ್ನ ಮೂರರ ನಂತರದ್ದಾಗಿರಲಿ. ಮಂಜು, ಗಾಳಿ ಇದ್ದರೆ ಹಡಗು ತಡವಾಗುವುದು ಹೊಸತಲ್ಲ. ಸಾಧ್ಯವಾದರೆ ಒಂದು ರಾತ್ರಿ ಅಲ್ಲೇ ಉಳಿದು ಮರುದಿನ ಹಾರಿ. ವಯಸ್ಸಾದವರು ಜೊತೆಗಿದ್ದರೆ ಆ ಹೋಟೆಲ್ ಖರ್ಚು ದಂಡವಲ್ಲ. ಯಾಕೆಂದರೆ ಇಳಿದ ಮೇಲೂ ಒಂದೆರಡು ದಿನ ನೆಲ ತೂಗುತ್ತದೆ. ಸ್ನಾನಕ್ಕೆ ನಿಂತು ಕಣ್ಣು ಮುಚ್ಚಿದರೆ ಜೋರು. ಬಹುಪಾಲು ಜನರಿಗೆ ತಾನಾಗಿ ಹೋಗುತ್ತದೆ, ಹೋಗದೆ ವಾರಗಟ್ಟಲೆ ಉಳಿದರೆ ಡಾಕ್ಟರಿಗೆ ತೋರಿಸಿ.

ಮನೆಗೆ ಬಂದ ಮೇಲೆ ಕಾರ್ಡಿನ ಸ್ಟೇಟ್‌ಮೆಂಟ್ ಒಮ್ಮೆ ತೆಗೆದು ನೋಡಿ. ಹಡಗಿನವರು ಮುಂಗಡವಾಗಿ ತಡೆಹಿಡಿದ ಮೊತ್ತ ಬಿಡುಗಡೆಯಾಗಲು ಕೆಲವು ದಿನ ಹಿಡಿಯುತ್ತದೆ, ಡೆಬಿಟ್ ಕಾರ್ಡ್ ಕೊಟ್ಟಿದ್ದರೆ ಅಷ್ಟು ದಿನ ನಿಮ್ಮದೇ ದುಡ್ಡು ನಿಮಗೆ ಸಿಗುವುದಿಲ್ಲ. ಅದಕ್ಕೇ ಹತ್ತುವಾಗ ಕ್ರೆಡಿಟ್ ಕಾರ್ಡನ್ನೇ ಕೊಡಿ.